ಎಸ್ನಾರ್ಟಳ ಪಕ್ಕ ಕೂರುವವರು

ಹರಿಹರದ ಬಸ್ ನಿಲ್ದಾಣ

ದಿನಾ ಬೆಳಿಗ್ಗೆ ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಹೋಗುವುದು, ಸಂಜೆ ಅದೇ ದಾರಿಯಲ್ಲಿ ವಾಪಸ್ಸಾಗುವುದು: ಮೂವತ್ತು ವರ್ಷದಿಂದ ನನ್ನ ಪ್ರವಾಸವೆಂದರೆ ಇಷ್ಟೇ. ಖಾಸಗಿ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ನಾನು ನರ್ಸ್. ಬಸ್ಸಿನಲ್ಲಿ ಸೀಟು ಸಿಕ್ಕಿದರೆ ನಿದ್ದೆ, ಸಿಗದಿದ್ದರೆ ಕಂಬ ಹಿಡಿದು ನಿಂತು ಕಂಡಕ್ಟರನ ಜೊತೆ ಜಗಳ. ಇಂಥವಳು ಜನವರಿಯಲ್ಲಿ ಆಫ್ರಿಕಾದ ಮಲಾವಿ ದೇಶಕ್ಕೆ ಹೋಗಿ ಬಂದಳೆಂದರೆ ನಮ್ಮ ಓಣಿಯವರು ಇನ್ನೂ ಪೂರ್ತಿ ನಂಬಿಲ್ಲ.

ಕರೆದವರು ಡಾಕ್ಟರ್ ಸುಮಂಗಲಾ. ಮಲೆಬೆನ್ನೂರಿನ ಕಡೆಯವರು, ಹೆಂಗಸರ ಆಪರೇಷನ್ನಿನಲ್ಲಿ ಪಳಗಿದ ಕೈ, ಮಾತು ಮಾತ್ರ ಕತ್ತರಿ. ಒಂದು ಸೇವಾ ಸಂಸ್ಥೆಯವರು ದಾವಣಗೆರೆಯಿಂದ ಐದಾರು ಜನರ ತಂಡ ಕಟ್ಟುತ್ತಿದ್ದರು. ಥಿಯೇಟರಿನಲ್ಲಿ ಕೈ ತೊಳೆಯುತ್ತ ಡಾಕ್ಟರು, "ಗಿರಿಜಾ, ಪಾಸ್‌ಪೋರ್ಟ್ ಮಾಡಿಸು. ನೀನು ಬರ್ದಿದ್ರೆ ನಾನೂ ಹೋಗಂಗಿಲ್ಲ," ಎಂದರು. ಅವರು ಕೇಳುವುದೇ ಹಾಗೆ.

ನಾವು ಹೋಗಿದ್ದು ಒಂದೇ ಒಂದು ಕಾಯಿಲೆಯ ಸಲುವಾಗಿ. ಹೆರಿಗೆ ದಿನಗಟ್ಟಲೆ ಕಷ್ಟವಾಗಿ, ಮಗು ಹೊರಬರುವ ದಾರಿಯಲ್ಲೇ ಸಿಕ್ಕಿಕೊಂಡರೆ ತಾಯಿಯ ಮೂತ್ರಕೋಶಕ್ಕೆ ಒತ್ತಡ ಬಿದ್ದು ಬಿದ್ದು ತೂತು ಬೀಳುತ್ತದೆ. ಮಗು ಸಾಮಾನ್ಯವಾಗಿ ಉಳಿಯುವುದಿಲ್ಲ. ತಾಯಿ ಉಳಿಯುತ್ತಾಳೆ, ಆದರೆ ಅವಳಿಗೆ ಮೂತ್ರ ನಿಲ್ಲುವುದಿಲ್ಲ. ಹಗಲೂ ರಾತ್ರಿ ಸೋರುತ್ತದೆ, ವಾಸನೆ ಬರುತ್ತದೆ, ಗಂಡ ಬಿಡುತ್ತಾನೆ, ಊರು ದೂರವಿಡುತ್ತದೆ. ನಮ್ಮಲ್ಲಿ ಈಗ ಎಲ್ಲರೂ ಹೆರಿಗೆಗೆ ಆಸ್ಪತ್ರೆಗೇ ಬರುವುದರಿಂದ ಇದು ಅಪರೂಪವಾಗಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾಯಕೊಂಡದ ಕಡೆಯಿಂದ ಬಂದ ಒಬ್ಬ ಹೆಂಗಸನ್ನು ನೋಡಿದ್ದೆ. ಬೆಂಚು ಖಾಲಿ ಇದ್ದರೂ ನೆಲದ ಮೇಲೆ ಕೂತಿದ್ದಳು.

ಬ್ಲಾಂಟೈರ್

ವಿಮಾನದಲ್ಲಿ ಏನಾಯಿತು ಎಂದು ಬರೆಯುವುದಿಲ್ಲ. ಹೆಚ್ಚಿನ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದೆ. ಬ್ಲಾಂಟೈರ್ ಎಂಬ ಊರಿನಲ್ಲಿ ಇಳಿದಾಗ ಕಸ್ಟಮ್ಸಿನ ಹೆಣ್ಣುಮಗಳು ನನ್ನ ಚೀಲ ಬಿಚ್ಚಿಸಿ ಮಂಡಕ್ಕಿಯ ದೊಡ್ಡ ಪೊಟ್ಟಣ ಎತ್ತಿ ಹಿಡಿದಳು. ದಾವಣಗೆರೆಯವರು ಚಂದ್ರಲೋಕಕ್ಕೆ ಹೋದರೂ ಮಂಡಕ್ಕಿ ಬಿಟ್ಟು ಹೋಗುವುದಿಲ್ಲ ಎಂದು ಅವಳಿಗೆ ಹೇಗೆ ಹೇಳುವುದು? ಒಂದು ಮುಷ್ಟಿ ತಿಂದು ತೋರಿಸಿದೆ. ಅವಳೂ ಒಂದು ಮುಷ್ಟಿ ತಿಂದಳು, ಇನ್ನೊಂದು ಮುಷ್ಟಿ ಪಕ್ಕದವನಿಗೆ ಕೊಟ್ಟಳು, ಆಮೇಲೆ ಚೀಲದ ಜಿಪ್ಪು ತಾನೇ ಎಳೆದು ಹೋಗು ಎಂದಳು.

ಅಲ್ಲಿಂದ ಘಾಟಿ ಇಳಿದರೆ ಸೆಕೆಯ ಬಯಲು. ದಾರಿಯ ಎರಡೂ ಕಡೆ ಸೊಂಟದೆತ್ತರ ಮೆಕ್ಕೆಜೋಳ. ನಮ್ಮ ದಾವಣಗೆರೆ ಪಕ್ಕದ ಕುಕ್ಕುವಾಡದ ಹೊಲಗಳ ನಡುವೆ ಹೋಗುತ್ತಿದ್ದೇವೆ ಎಂದು ಡಾಕ್ಟರು ಎರಡು ಸಲ ಅಂದರು. ವ್ಯತ್ಯಾಸ ಗೊತ್ತಾಗಿದ್ದು ಊಟಕ್ಕೆ ಕೂತಾಗ. ನಮ್ಮ ಕಡೆ ಮೆಕ್ಕೆಜೋಳವನ್ನು ಲಾರಿಗಟ್ಟಲೆ ಬೆಳೆದು ಕೋಳಿಗೆ ಹಾಕುತ್ತೇವೆ. ಅಲ್ಲಿ ಅದೇ ಜೀವ. ಅದರ ಹಿಟ್ಟನ್ನು ಮುದ್ದೆಯ ಹಾಗೆ ತಿರುವಿ ಎನ್ಸಿಮಾ ಎಂದು ಮಾಡುತ್ತಾರೆ. ಕುಂಬಳದ ಎಲೆಯ ಪಲ್ಯಕ್ಕೆ ಶೇಂಗಾಪುಡಿ ಹಾಕಿ ಜೊತೆಗೆ ಕೊಟ್ಟರು. ಉಣ್ಣುವಾಗ ಅವ್ವನ ನೆನಪಾಯಿತು. ಜನವರಿ ಅಂದರೆ ಅಲ್ಲಿ ಹಳೆಯ ಕಾಳು ಮುಗಿದು ಹೊಸದು ಬಾರದ ಕಾಲ ಎಂದು ಆಮೇಲೆ ತಿಳಿಯಿತು. ಬಡಿಸಿದವರು ತಮ್ಮ ತಟ್ಟೆಗೆ ಎಷ್ಟು ಹಾಕಿಕೊಂಡಿದ್ದರು ಎಂದು ನಾನು ನೋಡಿರಲಿಲ್ಲ.

ವಾರ್ಡು

ಆಸ್ಪತ್ರೆಯ ವಾರ್ಡಿನಲ್ಲಿ ಮರ್ಸಿ ಎಂಬ ಒಬ್ಬಳೇ ನರ್ಸ್. ನನಗಿಂತ ಹದಿನೈದು ವರ್ಷ ಚಿಕ್ಕವಳು. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಆಸ್ಪತ್ರೆಯಲ್ಲೇ ಕಲಿತದ್ದು, ಹಾಗಾಗಿ ಬೇಗ ಹೊಂದಿಕೊಂಡೆವು. ಅಲ್ಲಿ ಪ್ರತಿ ರೋಗಿಯ ಜೊತೆ ಒಬ್ಬರು ಬಂದಿರುತ್ತಾರೆ. ಅವರನ್ನು ಗಾರ್ಡಿಯನ್ ಎನ್ನುತ್ತಾರೆ. ಹಿಟ್ಟು, ಪಾತ್ರೆ, ಸೌದೆ ಎಲ್ಲ ಹೊತ್ತು ತಂದು ಆಸ್ಪತ್ರೆಯ ಹಿಂದಿನ ಚಪ್ಪರದಲ್ಲಿ ಒಲೆ ಹೂಡಿ ಅಡುಗೆ ಮಾಡುತ್ತಾರೆ, ರೋಗಿಗೆ ತಿನ್ನಿಸುತ್ತಾರೆ, ಬಟ್ಟೆ ಒಗೆಯುತ್ತಾರೆ, ಮಂಚದ ಕೆಳಗೆ ಮಲಗುತ್ತಾರೆ.

ಮೊದಲ ನಾಲ್ಕು ಆಪರೇಷನ್ ಚೆನ್ನಾಗಿ ಆದವು. ಮರುದಿನ ರೌಂಡ್ಸಿಗೆ ಹೋದಾಗ ವಾರ್ಡಿನ ತುಂಬ ಗಾರ್ಡಿಯನ್‌ಗಳು. ಡಾಕ್ಟರು ಬಾಗಿಲಲ್ಲೇ ನಿಂತರು. ದಾವಣಗೆರೆಯಲ್ಲಿ ಒಬ್ಬ ರೋಗಿಯ ಹಿಂದೆ ಎಂಟು ಜನ ಬರುತ್ತಾರೆ. ವಾರ್ಡ್‌ಬಾಯ್ ಸೀಟಿ ಊದಿ ಅವರನ್ನು ಹೊರಗಟ್ಟುವುದರಲ್ಲೇ ನಮ್ಮ ಅರ್ಧ ಆಯುಷ್ಯ ಸವೆದಿದೆ.

"ಈ ಮಂದಿನೆಲ್ಲ ಹೊರಗ ಹಾಕು ಗಿರಿಜಾ. ಇನ್ಫೆಕ್ಷನ್ ಆಗತೈತೆ. ಸಂಜೆ ತನಕ ಯಾರೂ ಒಳಗ ಬರೋದು ಬ್ಯಾಡ," ಎಂದರು.

ನಾನು ಚಪ್ಪಾಳೆ ತಟ್ಟಿದೆ. ಮೂವತ್ತು ವರ್ಷ ತಟ್ಟಿದ ಚಪ್ಪಾಳೆ ಅದು, ಭಾಷೆ ಬೇಕಾಗಿಲ್ಲ. ನಮ್ಮೂರಿನವರಾಗಿದ್ದರೆ ಒಂದು ಗಂಟೆ ವಾದ ಮಾಡುತ್ತಿದ್ದರು. ಅವರು ಎದ್ದು, ಪಾತ್ರೆ ಎತ್ತಿಕೊಂಡು, ಒಂದು ಮಾತಾಡದೆ ಹೊರಗೆ ಹೋದರು. ಮರ್ಸಿ ಏನೋ ಹೇಳಲು ಬಾಯಿ ತೆರೆದಳು, ಡಾಕ್ಟರು ಆಗಲೇ ಥಿಯೇಟರಿನ ಕಡೆ ಹೊರಟಿದ್ದರು.

ಈ ಆಪರೇಷನ್ ಆದವರಿಗೆ ಎರಡು ವಾರ ಟ್ಯೂಬು ಹಾಕಿರುತ್ತೇವೆ. ಮೂತ್ರ ಅದರಲ್ಲಿ ಹರಿದು ಮಂಚಕ್ಕೆ ಕಟ್ಟಿದ ಚೀಲಕ್ಕೆ ಸದಾ ಬೀಳುತ್ತಿರಬೇಕು. ಟ್ಯೂಬು ಮಡಚಿದರೆ ಒಳಗೆ ತುಂಬಿ, ಹಾಕಿದ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಮಧ್ಯಾಹ್ನ ವಾರ್ಡಿನ ಕಿಟಕಿ ದಬದಬ ಬಡಿಯುವ ಸದ್ದು ಥಿಯೇಟರಿಗೇ ಕೇಳಿಸಿತು. ಒಬ್ಬ ಅಜ್ಜಿ. ಒಳಗೆ ಬರಬೇಡ ಎಂದಿದ್ದೆವಲ್ಲ, ಅವಳು ಬಂದಿರಲಿಲ್ಲ, ಬಿಸಿಲಲ್ಲಿ ಕಿಟಕಿಯ ಹೊರಗೆ ನಿಂತು ಮೊಮ್ಮಗಳ ಮುಖವನ್ನೇ ನೋಡುತ್ತಿದ್ದಳು. ಹುಡುಗಿ ಗೋಡೆಗೆ ತಿರುಗಿ ಹಲ್ಲು ಕಚ್ಚಿ ಮಲಗಿದ್ದಳು. ಟ್ಯೂಬು ತೊಡೆಯ ಕೆಳಗೆ ಮಡಚಿತ್ತು, ಚೀಲ ಖಾಲಿ, ಹೊಟ್ಟೆ ಬಿಗಿದಿತ್ತು. ಮರ್ಸಿ ಆ ಹೊತ್ತಿಗೆ ಇನ್ನೊಂದು ವಾರ್ಡಿನ ಹೆರಿಗೆಗೆ ಹೋಗಿದ್ದಳು.

ಡಾಕ್ಟರು ಓಡಿ ಬಂದು ಟ್ಯೂಬು ಸರಿಪಡಿಸಿದರು. ಹೊಲಿಗೆ ಉಳಿಯಿತು. ಅವರು ಖಾಲಿ ಮಂಚದ ಮೇಲೆ ಕೂತು ಸ್ವಲ್ಪ ಹೊತ್ತು ಕೈಗವಸು ಬಿಚ್ಚಲೇ ಇಲ್ಲ. ಬೆಳಗಿನಿಂದ ಆ ನಾಲ್ವರಿಗೂ ಯಾರೂ ನೀರು ಕೊಟ್ಟಿರಲಿಲ್ಲ ಎಂದು ಆಗ ನೋಡಿದೆವು.

"ಕರಿ ಅವ್ರನ್ನ," ಎಂದರು. ನಾನು ಬಾಗಿಲ ಕಡೆ ಹೋಗುವಷ್ಟರಲ್ಲಿ, "ಬ್ಯಾಡ ಬಿಡು, ನಾನೇ ಕರೀತೀನಿ," ಎಂದು ತಾವೇ ಎದ್ದು ಹೋದರು. ಅಜ್ಜಿ ಒಳಗೆ ಬಂದು ನಮ್ಮ ಯಾರ ಕಡೆಯೂ ನೋಡದೆ ಮೊಮ್ಮಗಳ ಮಂಚದ ಕಾಲ ಬಳಿ ಕೂತಳು.

ಮಾವಿನ ಮರ

ಎಸ್ನಾರ್ಟ್ ಬಂದಿದ್ದು ಎರಡು ದಿನದ ಮೇಲೆ. ತಪಾಸಣೆಯ ಸಾಲಿನಲ್ಲಿ ಅವಳಿರಲಿಲ್ಲ. ದೂರದ ಮಾವಿನ ಮರದ ಕೆಳಗೆ, ಗಾಳಿ ನಮ್ಮ ಕಡೆಯಿಂದ ಅವಳ ಕಡೆಗೆ ಬೀಸುವ ಜಾಗ ನೋಡಿಕೊಂಡು ಕೂತಿದ್ದಳು. ಮರ್ಸಿಯ ಕಣ್ಣಿಗೆ ಬಿದ್ದಳು. ಇಪ್ಪತ್ತೈದು ದಾಟಿರಬಹುದು. ಸೊಂಟಕ್ಕೆ ಒಂದರ ಮೇಲೊಂದು ಬಟ್ಟೆ ಸುತ್ತಿದ್ದಳು, ಕಾಲೆಲ್ಲ ಕೆಸರು. ನಸುಕಿಗೆ ಮುಂಚೆ ಊರು ಬಿಟ್ಟು ನಡೆದೇ ಬಂದಿದ್ದಳು. ಡಾಂಬರು ರಸ್ತೆಯಲ್ಲಿ ಮಿನಿಬಸ್ಸುಗಳು ಓಡಾಡುವುದನ್ನು ನಾನೇ ನೋಡಿದ್ದೆ. ಯಾಕೆ ಹತ್ತಲಿಲ್ಲ ಎಂದು ಕೇಳಿದೆ. ಮರ್ಸಿ ನನ್ನ ಪ್ರಶ್ನೆಯನ್ನು ಅವಳಿಗೆ ದಾಟಿಸಲಿಲ್ಲ, ತಾನೇ ಉತ್ತರ ಕೊಟ್ಟಳು: "ಒಂದು ಸಲ ಹತ್ತಿದ್ದಳಂತೆ. ಪಕ್ಕದವರು ಎದ್ದರು. ಆಮೇಲೆ ಡ್ರೈವರ್ ಇಳಿಸಿದ."

ಡಾಕ್ಟರು ಪರೀಕ್ಷೆ ಮಾಡಿ, ಹಳೆಯ ಗಾಯ, ಕಷ್ಟ, ಆದರೆ ಪ್ರಯತ್ನ ಮಾಡಬಹುದು ಎಂದರು. ಕೊನೆಯ ದಿನ ಕೊನೆಯ ಆಪರೇಷನ್ ಅವಳಿಗೆ ಇಟ್ಟರು. ಆಗ ಮರ್ಸಿ ಎಲ್ಲರನ್ನೂ ಕೇಳುವ ಪ್ರಶ್ನೆ ಕೇಳಿದಳು, ನಿನ್ನ ಗಾರ್ಡಿಯನ್ ಯಾರು?

ಎಸ್ನಾರ್ಟ್ ನೆಲ ನೋಡಿದಳು. ತಾಯಿ ತೀರಿಕೊಂಡಿದ್ದಾಳೆ. ಗಂಡ ಗಡಿಯಾಚೆ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದಾನೆ. ಯಾರೂ ಇಲ್ಲ.

ಗಾರ್ಡಿಯನ್ ಇಲ್ಲದೆ ಆಪರೇಷನ್ ಬೇಡ ಎಂದು ಮರ್ಸಿ ಹೇಳಿದಳು. ಮೂರು ದಿನದ ಹಿಂದಿನ ನಾನಾಗಿದ್ದರೆ ಇದೆಂಥ ನಿಯಮ ಎಂದು ಕೂಗಾಡುತ್ತಿದ್ದೆ. ಈಗ ಕಿಟಕಿ ಬಡಿದ ಸದ್ದು ಕಿವಿಯಲ್ಲಿ ಇನ್ನೂ ಇತ್ತು. ಹೊಲಿಗೆ ಒಂದು ಸಲ ಬಿಚ್ಚಿದರೆ ಎರಡನೆಯ ಸಲ ಕೂಡುವುದು ಬಹಳ ಕಷ್ಟ.

ಅಡುಗೆಯ ಚಪ್ಪರ

ಆ ಸಂಜೆ ಮರ್ಸಿಯನ್ನು ಕರೆದುಕೊಂಡು ಹಿಂದಿನ ಚಪ್ಪರಕ್ಕೆ ಹೋದೆ. ಹೊಗೆ, ಮಳೆಗೆ ಹಸಿಯಾದ ಸೌದೆ, ಸಾಲು ಒಲೆಗಳು. ಕಿಟಕಿ ಬಡಿದ ಅಜ್ಜಿಯೇ ಅಲ್ಲಿನ ಹಿರಿಯಳು. ಎಲ್ಲರೂ ಅವಳನ್ನು ಅಗೊಗೊ ಎನ್ನುತ್ತಿದ್ದರು, ಅಜ್ಜಿ ಎಂದೇ ಅರ್ಥ. ನಾನು ಅವಳ ಎದುರು ನೆಲದ ಮೇಲೆ ಕೂತು, ಎಸ್ನಾರ್ಟಳಿಗೆ ನಾನೇ ಗಾರ್ಡಿಯನ್ ಆಗುತ್ತೇನೆ ಎಂದು ಹೇಳಿಸಿದೆ. ಅಡುಗೆ ಮಾಡುತ್ತೇನೆ, ಬಟ್ಟೆ ಒಗೆಯುತ್ತೇನೆ, ಟ್ಯೂಬಂತೂ ನನ್ನ ಕೆಲಸವೇ. ಸುಳ್ಳು ಯಾಕೆ, ಹೇಳುವಾಗ ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಅಗೊಗೊ ಸೌಟು ತಿರುವುತ್ತಲೇ ಕೇಳಿದಳು: "ನೀನು ಊರಿಗೆ ಹೋಗುವುದು ಯಾವಾಗ?"

"ಶನಿವಾರ."

"ಅವಳ ಟ್ಯೂಬು ತೆಗೆಯುವುದು?"

ಆಪರೇಷನ್ ಶುಕ್ರವಾರ ಇತ್ತು, ಟ್ಯೂಬು ತೆಗೆಯಲು ಅಲ್ಲಿಂದ ಎರಡು ವಾರ. ಅಗೊಗೊ ಉತ್ತರಕ್ಕೆ ಕಾಯಲಿಲ್ಲ.

"ಹಾಗಾದರೆ ನೀನು ನೆಂಟಳು," ಎಂದಳು. "ನೆಂಟರು ಕೂತು ಊಟ ಮಾಡಬೇಕು. ಸೌಟು ಹಿಡಿಯಬಾರದು."

ಒಂದು ತಟ್ಟೆಯಲ್ಲಿ ಎನ್ಸಿಮಾ ಹಾಕಿ ಎರಡೂ ಕೈಯಲ್ಲಿ ಮುಂದೆ ಹಿಡಿದಳು. ಕುಚೋದ್ಯ ಇರಲಿಲ್ಲ ಅದರಲ್ಲಿ, ಮರ್ಯಾದೆಯಿಂದಲೇ ಕೊಟ್ಟಳು. ಅದಕ್ಕೇ ಇನ್ನಷ್ಟು ನೋವಾಯಿತು. ಸಮುದ್ರ ದಾಟಿ ಬಂದವಳಿಗೆ ಇದೇನಾ ಎಂದು ಸಿಟ್ಟೂ ಬಂತು. ಆದರೆ ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ನಮ್ಮ ಆಸ್ಪತ್ರೆಯಲ್ಲೂ ಹಣ್ಣಿನ ಚೀಲ ಹಿಡಿದು ಬಂದು, ಮಂಚದ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋಗುವವರನ್ನು ನೋಡಿ ನಾವು ನರ್ಸುಗಳು ಮೂತಿ ತಿರುವುತ್ತೇವೆ. ನಾನು ತಟ್ಟೆ ಖಾಲಿ ಮಾಡಿದೆ.

ಉಳಿದ ಹೆಂಗಸರು ಹಂಚಿಕೊಂಡು ಎಸ್ನಾರ್ಟಳಿಗೆ ಊಟ ಕೊಡಲು ಒಪ್ಪಿದರು. ಆದರೆ ಹಗಲಿರುಳು ಪಕ್ಕ ಕೂರಲು, ಒದ್ದೆಯಾದದ್ದನ್ನು ಬದಲಿಸಲು, ಬೇಕಾದರೆ ನರ್ಸಿನ ಜೊತೆ ಜಗಳವಾಡಲು ಅವಳವರೇ ಒಬ್ಬರು ಬೇಕು, ಅಪರಿಚಿತರ ಮುಂದೆ ಅವಳು ನೀರನ್ನೂ ಕೇಳುವುದಿಲ್ಲ ಎಂದಳು ಅಗೊಗೊ. ಮರ್ಸಿ ಮತ್ತೆ ಎಸ್ನಾರ್ಟಳ ಹತ್ತಿರ ಹೋಗಿ ಬಹಳ ಹೊತ್ತು ಕೂತಳು. ಕೊನೆಗೆ ಒಂದು ಹೆಸರು ಬಂತು, ಡೊರಿಕಾ. ಗಂಡನ ಅಕ್ಕ.

"ಅವಳು ಬರುತ್ತಾಳಾ?" ಎಂದೆ.

"ಬರಲ್ಲ ಅಂತಾಳೆ. ಕರೆದಿದ್ದೀಯಾ ಅಂದರೆ, ಇಲ್ಲ ಅಂತಾಳೆ."

ಬಿಟ್ಟುಹೋದ ಗಂಡನ ಅಕ್ಕ. ನಮ್ಮ ಕಡೆ ಅತ್ತಿಗೆ ನಾದಿನಿಯರ ಸಂಬಂಧ ಹೇಗಿರುತ್ತದೆ ಎಂದು ಗೊತ್ತಿದ್ದ ನಾನು ಆಸೆ ಬಿಟ್ಟೆ. ಡಾಕ್ಟರು ಮಾತ್ರ, "ಹೋಗಿ ಕೇಳ್ಬೇಕಪ್ಪ. ಕೇಳಿದ್ರೆ ಏನು ಗಂಟು ಹೋಗತೈತೆ?" ಎಂದು ನಮ್ಮಿಬ್ಬರನ್ನು ಆಸ್ಪತ್ರೆಯ ಜೀಪಿನಲ್ಲಿ ಕಳಿಸಿದರು.

ಎಸ್ನಾರ್ಟಳ ಊರು

ಜೀಪು ಕೆಸರಿನಲ್ಲಿ ಹೂತ ಮೇಲೆ ಸೈಕಲ್ಲು. ಅಲ್ಲಿ ಬಾಡಿಗೆ ಸೈಕಲ್ಲೇ ಆಟೋ. ಹಿಂದಿನ ಕ್ಯಾರಿಯರಿಗೆ ಮೆತ್ತೆ ಕಟ್ಟಿರುತ್ತಾರೆ. ನಾನು ಸೀರೆಯಲ್ಲಿ ಒಂದೇ ಕಡೆ ಕಾಲು ಹಾಕಿ ಕೂತೆ, ಮೊದಲ ತಗ್ಗಿನಲ್ಲೇ ನಾನೂ ಸೈಕಲ್ಲಿನವನೂ ಕೆಸರಿಗೆ ಬಿದ್ದೆವು. ಅವನು ನನ್ನನ್ನು ಎಬ್ಬಿಸಿ ತಾನೇ ಕ್ಷಮೆ ಕೇಳಿದ. ನನ್ನ ಭಾರವನ್ನು ನಾನೇ ಅವನಿಗೆ ಮೊದಲೇ ಹೇಳಬೇಕಿತ್ತು.

ಊರಿನಲ್ಲಿ ಚಾಪೆ ಹಾಸಿದರು. ಬಂದ ಕೆಲಸ ಹೇಳುವಂತಿಲ್ಲ. ಮೊದಲು ಪ್ರತಿಯೊಬ್ಬರೂ ಪ್ರತಿಯೊಬ್ಬರನ್ನೂ ಹೇಗಿದ್ದೀರಿ ಎನ್ನಬೇಕು, ನೀರು ಕುಡಿಯಬೇಕು, ಮಳೆಯ ವಿಚಾರ ಮುಗಿಯಬೇಕು. ಡೊರಿಕಾ ಹೊಲದಿಂದ ಬಂದಳು. ಎತ್ತರದ ಹೆಂಗಸು, ಮೊಣಕೈವರೆಗೆ ಮಣ್ಣು, ಕೈಯಲ್ಲಿ ಗುದ್ದಲಿ. ನಮ್ಮ ಮುಂದೆ ಮಂಡಿಯೂರಿ ನಮಸ್ಕರಿಸಿದಳು. ಅವರಲ್ಲಿ ಅದು ಪದ್ಧತಿಯಂತೆ. ನನಗೆ ಕೈಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ.

ಮರ್ಸಿ ವಿಷಯ ಹೇಳಿದಳು. ಡೊರಿಕಾ ಗುದ್ದಲಿಯನ್ನು ಪಕ್ಕಕ್ಕೆ ಇಟ್ಟಳು. ಆಮೇಲೆ ಮರ್ಸಿಗೆ ಹೇಳಿದ್ದನ್ನು ಮರ್ಸಿ ನನಗೆ ತುಂಡು ತುಂಡಾಗಿ ಹೇಳಿದಳು.

"ಹೆರಿಗೆಯಲ್ಲಿ ಅವಳ ಪಕ್ಕ ಕೂತವಳು ನಾನೇ. ಆಸ್ಪತ್ರೆಗೆ ಒಯ್ಯಿರಿ ಅಂತ ಅವಳು ಕೂಗಿದಳು. ಬೆಳಗಾಗಲಿ ಅಂದವಳು ನಾನು. ಬೆಳಗಾದ ಮೇಲೆ ಸಂಜೆಯಾಗಲಿ ಅಂದವಳೂ ನಾನು. ಆಮೇಲೆ ಅವಳು ನನ್ನ ಮನೆಯ ಮುಂದೆ ಹಾಯುವುದು ಬಿಟ್ಟಳು. ನಾನು ಅವಳ ಗುಡಿಸಲ ಕಡೆ ನೋಡುವುದು ಬಿಟ್ಟೆ."

ಚಾಪೆಯ ಸುತ್ತ ಊರಿನ ಹೆಂಗಸರು ಕೂತಿದ್ದರು. ಡೊರಿಕಾ ತಿರುಗಿ ತನ್ನ ಹೊಲ ನೋಡಿದಳು. ಅರ್ಧ ಹೊಲ ಕಳೆ ತೆಗೆದಿತ್ತು, ಉಳಿದರ್ಧದಲ್ಲಿ ಪೈರಿಗಿಂತ ಕಳೆಯೇ ಜೋರಾಗಿತ್ತು. ರೈತರ ಮನೆಯವಳಾದ ನನಗೆ ಅದನ್ನು ಯಾರೂ ಅನುವಾದ ಮಾಡಿ ಹೇಳಬೇಕಾಗಿರಲಿಲ್ಲ. ಈಗ ಎರಡು ವಾರ ಬಿಟ್ಟರೆ ಆ ಹೊಲದಲ್ಲಿ ಕಾಳು ಕಟ್ಟುವುದಿಲ್ಲ, ಮುಂದಿನ ಜನವರಿಯಲ್ಲಿ ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಬಾ ಎಂದು ಹೇಳುವ ಬಾಯಿ ನನಗಿರಲಿಲ್ಲ.

ಆಗ ಮೂಲೆಯಲ್ಲಿದ್ದ ಒಬ್ಬ ಮುದುಕಿ ಎದ್ದು ಬಂದು ಡೊರಿಕಾಳ ಪಕ್ಕದಲ್ಲಿದ್ದ ಗುದ್ದಲಿಯನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಇನ್ನೊಬ್ಬಳು ಸರಿದು ಮುದುಕಿಯ ಪಕ್ಕ ಕೂತಳು. ನಮ್ಮಲ್ಲಿ ಮುಯ್ಯಾಳು ಎನ್ನುವುದಿತ್ತು. ನನ್ನ ಹೊಲಕ್ಕೆ ನೀನು ಬಾ, ನಿನ್ನ ಹೊಲಕ್ಕೆ ನಾನು. ನನ್ನ ಅವ್ವ ಬಾಣಂತಿಯಾದಾಗ ನಮ್ಮ ಹೊಲದ ಕಳೆಯನ್ನು ಹಾಗೇ ಊರಿನ ಹೆಂಗಸರು ತೆಗೆದಿದ್ದರಂತೆ. ಈಗ ನಮ್ಮ ಊರಲ್ಲಿ ಕಳೆನಾಶಕದ ಡಬ್ಬಿ ಬಂದು ಆ ಮಾತೂ ಹೋಯಿತು.

ಡೊರಿಕಾ ನಾಳೆ ಬರುತ್ತೇನೆ ಎಂದಳು. ಬರುವುದಿಲ್ಲ ಎಂದೇ ನಾನು ದಾರಿಯುದ್ದಕ್ಕೂ ಅಂದುಕೊಂಡೆ.

ಕೊನೆಯ ಆಪರೇಷನ್

ಶುಕ್ರವಾರ ಮಧ್ಯಾಹ್ನದವರೆಗೂ ಅವಳ ಸುಳಿವಿಲ್ಲ. ಡಾಕ್ಟರು ಎರಡು ಸಲ ಬಾಗಿಲಿಗೆ ಬಂದು ನೋಡಿದರು. ಮೂರನೆಯ ಸಲ, "ಥಿಯೇಟರ್ ಕ್ಲೀನ್ ಮಾಡ್ರಿ," ಎಂದವರು ಅಲ್ಲೇ ನಿಂತರು. ಗೇಟಿನಲ್ಲಿ ಡೊರಿಕಾ. ತಲೆಯ ಮೇಲೆ ಪಾತ್ರೆ, ಪಾತ್ರೆಯೊಳಗೆ ಹಿಟ್ಟು, ಬೆನ್ನಿಗೆ ಸೌದೆಯ ಹೊರೆ. ಅವಳು ನೆಟ್ಟಗೆ ಮಾವಿನ ಮರದ ಕೆಳಗೆ ಹೋದಳು. ನಮಗೆ ಮಾತು ಕೇಳಿಸಲಿಲ್ಲ. ಎಸ್ನಾರ್ಟ್ ಮುಖ ಎತ್ತಲಿಲ್ಲ. ಡೊರಿಕಾ ಹೊರೆ ಇಳಿಸಿ ಅವಳ ಪಕ್ಕ, ತೀರ ಪಕ್ಕ, ಭುಜಕ್ಕೆ ಭುಜ ತಾಗುವಂತೆ ಕೂತಳು. ಎಸ್ನಾರ್ಟ್ ಸರಿದಳು. ಡೊರಿಕಾ ತಾನೂ ಅಷ್ಟೇ ಸರಿದಳು. ಹಾಗೆ ಸ್ವಲ್ಪ ಹೊತ್ತು ಕಳೆದ ಮೇಲೆ ಇಬ್ಬರೂ ಎದ್ದು ಬಂದರು.

ಆಪರೇಷನ್ ಬಹಳ ಹೊತ್ತು ಹಿಡಿಯಿತು. ಕರೆಂಟು ಹೋಯಿತು, ಟಾರ್ಚ್ ಹಿಡಿದೆ. ಡಾಕ್ಟರು ಹೊಲಿಗೆ ಮುಗಿಸಿ ಬೆನ್ನು ನೆಟ್ಟಗೆ ಮಾಡಿ, "ನಾನು ಮಾಡೋದು ಮಾಡೀನಿ ಗಿರಿಜಾ. ಹಿಡೀತೈತೋ ಇಲ್ವೋ ಹೇಳಂಗಿಲ್ಲ," ಎಂದರು. ಕೇಳುವ ಮೊದಲೇ ಅವರು ಹಾಗೆ ಹೇಳಿದ್ದು ನಾನು ಕಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ವಿದಾಯ ಹೇಳಲು ಹೋದೆ. ಡೊರಿಕಾ ಮಂಚದ ಕೆಳಗೆ ನೇತಾಡುವ ಚೀಲವನ್ನೇ ನೋಡುತ್ತ ಕೂತಿದ್ದಳು. ನನ್ನ ಕಡೆ ಒಂದು ಕೈ ಎತ್ತಿದಳು, ಕಣ್ಣು ಚೀಲದ ಮೇಲೇ ಇತ್ತು. ಎಸ್ನಾರ್ಟ್ ನನ್ನ ಕೈ ಹಿಡಿದು ಏನೋ ಕೇಳಿದಳು. ನಾನು ನಮ್ಮೂರಲ್ಲಿ ಕೆಲಸಕ್ಕೆ ಹೇಗೆ ಹೋಗುತ್ತೇನೆ ಎಂದು ಕೇಳುತ್ತಿದ್ದಾಳೆ ಎಂದಳು ಮರ್ಸಿ.

"ಬಸ್ಸಿನಲ್ಲಿ," ಎಂದೆ.

"ಕೂತುಕೊಂಡಾ?"

"ಸೀಟು ಸಿಕ್ಕರೆ."

ಅವಳು ತಲೆಯಾಡಿಸಿ ಕಣ್ಣು ಮುಚ್ಚಿದಳು. ಅವಳ ಹೊಲಿಗೆ ಕೂಡುವ ಮೊದಲು ಎದ್ದು ಬಂದೆವು. ಇಷ್ಟು ದೂರ ಬಂದು ಅರ್ಧ ಕೆಲಸ ಮಾಡಿದೆವು ಎಂದು ನನಗೆ ಅನಿಸಿತು. ಈಗಲೂ ಹಾಗೇ ಅನಿಸುತ್ತದೆ.

ಮತ್ತೆ ಬಸ್ಸು

ಊರಿಗೆ ಬಂದ ಮೇಲೆ ಎಲ್ಲರೂ ಆನೆ ಕಂಡೆಯಾ, ಸಿಂಹ ಕಂಡೆಯಾ ಎಂದು ಕೇಳಿದರು. ಕಂಡಿಲ್ಲ ಎಂದರೆ ಮತ್ತೆ ಅಷ್ಟು ದೂರ ಯಾಕೆ ಹೋಗಿದ್ದೆ ಎನ್ನುವ ಮುಖ ಮಾಡಿದರು. ನಾನು ಫೋನ್ ನೋಡುತ್ತಿದ್ದೆ. ಟ್ಯೂಬು ತೆಗೆಯುವ ದಿನ ಬಂತು, ಹೋಯಿತು. ಮರ್ಸಿಯಿಂದ ಏನೂ ಇಲ್ಲ. ಅಲ್ಲಿ ಮಳೆಗೆ ಟವರು ಬಿದ್ದಿರುತ್ತದೆ ಎಂದು ಡಾಕ್ಟರು ಹೇಳಿದರು. ದಿನಾ ಥಿಯೇಟರಿನಲ್ಲಿ ಕೈ ತೊಳೆಯುವಾಗ ನನ್ನ ಮುಖ ನೋಡುತ್ತಿದ್ದರು, ನಾನು ಇಲ್ಲ ಎಂದು ತಲೆಯಾಡಿಸುತ್ತಿದ್ದೆ.

ಒಂದು ಬೆಳಿಗ್ಗೆ ಹರಿಹರದಲ್ಲಿ ಬಸ್ಸು ಹೊರಟಿತ್ತು, ಅಪರೂಪಕ್ಕೆ ಸೀಟು ಸಿಕ್ಕಿತ್ತು. ಮರ್ಸಿಯ ಧ್ವನಿ ಸಂದೇಶ ಬಂತು. ಕಿವಿಗೆ ಒತ್ತಿ ಹಿಡಿದೆ. ಮೊದಲು ನನ್ನ ಆರೋಗ್ಯ, ಡಾಕ್ಟರ ಆರೋಗ್ಯ, ನಮ್ಮ ಊರಿನ ಮಳೆ ಎಲ್ಲ ವಿಚಾರಿಸಿದಳು. ಬಂದ ಕೆಲಸ ಅವರು ಮೊದಲೇ ಹೇಳುವುದಿಲ್ಲವಲ್ಲ. ಅಗೊಗೊ ಮೊಮ್ಮಗಳನ್ನು ಕರೆದುಕೊಂಡು ಹೋದಳು ಎಂದಳು. ಕೊನೆಯಲ್ಲಿ ಹೇಳಿದಳು:

"ಎಸ್ನಾರ್ಟ್, ಡೊರಿಕಾ ನಿನ್ನೆ ಊರಿಗೆ ಹೋದರು. ಸ್ಟಾಪಿನ ತನಕ ನಾನೇ ಹೋಗಿದ್ದೆ. ಮಿನಿಬಸ್ಸು ತುಂಬಿತ್ತು. ಎಸ್ನಾರ್ಟ್ ನಡುವಿನ ಸೀಟಿನಲ್ಲಿ ಕೂತಳು. ಒಂದು ಕಡೆ ಡೊರಿಕಾ, ಇನ್ನೊಂದು ಕಡೆ ಯಾರೋ ಗೊತ್ತಿಲ್ಲದ ಹೆಂಗಸು. ಆ ಹೆಂಗಸು ತನ್ನ ಮಗುವನ್ನು ಎಸ್ನಾರ್ಟಳ ತೊಡೆಯ ಮೇಲೆ ಕೂರಿಸಿ ಮಲಗಿಬಿಟ್ಟಳು."

ನನ್ನ ಪಕ್ಕದಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತಿದ್ದವಳು ನನ್ನನ್ನೇ ನೋಡುತ್ತಿದ್ದಳು. "ಯಾಕ್ರೀ ಸಿಸ್ಟರ್, ಅಳಾಕತ್ತೀರಿ? ಯಾರಿಗರ ಏನಾತು?"

"ಏನಿಲ್ಲಮ್ಮ. ನಮ್ಮ ಹುಡುಗಿ ಒಬ್ಬಳು ಬಸ್ ಹತ್ತಿದ್ಲಂತೆ."

"ಎಲ್ಲಿಗೆ ಹೋದ್ಲು?"

"ಅವಳೂರಿಗೆ," ಎಂದೆ.

ಅವಳು ಹೌದೇನು ಎಂದು ತಲೆಯಾಡಿಸಿ, ಬುಟ್ಟಿ ಸರಿಸಿ, ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ದಾವಣಗೆರೆ ಬರುವ ತನಕ ನಾನು ಅಲುಗಾಡಲಿಲ್ಲ.